ಲೆಕ್ಕವನ್ನು ಮೊದಲು ಮಾತಾಡಿಸುವ ಪಾಠ: ವಿರಾಜಪೇಟೆಯ ಒಂದು ಸಂಜೆ ತರಗತಿ

ವಿರಾಜಪೇಟೆಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ತಮ್ಮ ಮನೆಯಲ್ಲಿ ವಾರಕ್ಕೆ ಮೂರು ಸಂಜೆ ನಡೆಸುವ ಗಣಿತ ಪಾಠಕ್ಕೆ, ಐದನೆಯ ತರಗತಿಯಲ್ಲಿರುವ ಮಗಳನ್ನು ಜೂನ್‌ನಿಂದ ಕಳುಹಿಸುತ್ತಿದ್ದೇನೆ. ಕೂಡಿ ಕಳೆಯುವುದಾಗಲಿ, ಗುಣಿಸಿ ಭಾಗಿಸುವುದಾಗಲಿ ಅವಳಿಗೆ ಎಂದೂ ಕಷ್ಟವಾಗಿರಲಿಲ್ಲ. ಅದೇ ಅಂಕಿಗಳು ನಾಲ್ಕು ವಾಕ್ಯಗಳ ನಡುವೆ ಬಂದಾಗ ಮಾತ್ರ ಕೈ ನಿಂತುಬಿಡುತ್ತಿತ್ತು. ‘ಒಟ್ಟು’ ಎಂದಿದ್ದರೆ ಕೂಡಬೇಕು, ‘ಉಳಿದ’ ಎಂದಿದ್ದರೆ ಕಳೆಯಬೇಕು ಎಂದು ಹಿಂದಿನ ಟ್ಯೂಷನ್‌ನಲ್ಲಿ ಬಾಯಿಪಾಠ ಮಾಡಿಸಿದ್ದರು.

ಈ ಶಿಕ್ಷಕಿ ಮೊದಲು ಬಿಡಿಸಿದ್ದೇ ಆ ಅಭ್ಯಾಸವನ್ನು. ಬುಟ್ಟಿಯಿಂದ 18 ಕಿತ್ತಳೆ ಹಂಚಿದ ಮೇಲೆ 27 ಉಳಿದವು, ಮೊದಲು ಎಷ್ಟಿದ್ದವು ಎಂಬ ಪ್ರಶ್ನೆಗೆ ಮಗಳು 9 ಎಂದಳು. ಅವರು ತಪ್ಪೆನ್ನದೆ, ‘ಇದ್ದದ್ದೇ 9 ಆದರೆ 18 ಹಂಚಿದ್ದು ಹೇಗೆ ಮಗಳೇ?’ ಎಂದು ಕೇಳಿ ಸುಮ್ಮನಾದರು.

ನನಗೆ ಅತ್ಯಂತ ಮೆಚ್ಚುಗೆಯಾದದ್ದು, ಪೆನ್ಸಿಲ್ ಮುಟ್ಟುವ ಮೊದಲು ಮಗು ಲೆಕ್ಕವನ್ನು ತನ್ನ ಮನೆಮಾತಿನಲ್ಲಿ ಕತೆಯಂತೆ ಹೇಳಬೇಕೆಂಬ ಅವರ ನಿಯಮ. ಮನೆಯಲ್ಲಿ ಕೊಡವ ತಕ್ಕ್, ಬೀದಿಯಲ್ಲಿ ಕನ್ನಡ, ಪಠ್ಯಪುಸ್ತಕದಲ್ಲಿ ಇಂಗ್ಲಿಷ್ ಇರುವ ನಮ್ಮ ಮಕ್ಕಳು ಅನೇಕ ವೇಳೆ ಎಡವುವುದು ಗಣಿತದಲ್ಲಲ್ಲ, ಓದಿನಲ್ಲಿ. 14 ಮಂದಿ ದಿನಕ್ಕೆ ತಲಾ 65 ಕಿಲೋದಂತೆ 3 ದಿನ ಕಾಫಿ ಹಣ್ಣು ಕೊಯ್ದರೆ, ಅದನ್ನು ತುಂಬಲು 50 ಕಿಲೋ ಹಿಡಿಯುವ ಎಷ್ಟು ಚೀಲ ಬೇಕು ಎಂಬ ಲೆಕ್ಕವನ್ನೇ ನೋಡಿ. ದಿನಕ್ಕೆ 910 ಕಿಲೋ, ಮೂರು ದಿನಕ್ಕೆ 2,730 ಕಿಲೋ. 50ರಿಂದ ಭಾಗಿಸಿದರೆ 54 ಬಂದು 30 ಶೇಷ ಉಳಿಯುತ್ತದೆ. ಉಳಿದ 30 ಕಿಲೋವನ್ನು ಕಣದಲ್ಲೇ ಬಿಟ್ಟು ಬರಲಾಗದು, ಆದ್ದರಿಂದ 55 ಚೀಲ ಬೇಕು. ಪೂರ್ತಿ ತುಂಬಿದ ಚೀಲಗಳೆಷ್ಟು ಎಂದು ಕೇಳಿದ್ದರೆ ಉತ್ತರ 54. ಪ್ರತಿ ಹಂತದಲ್ಲೂ ಬಂದ ಸಂಖ್ಯೆ ಕಿಲೋವೋ, ಚೀಲವೋ, ದಿನವೋ ಎಂದು ಬಾಯಿಬಿಟ್ಟು ಹೇಳಿಸುವುದರಿಂದ ಈ ವ್ಯತ್ಯಾಸ ಮಗುವಿಗೆ ತಾನಾಗಿಯೇ ಹೊಳೆಯುತ್ತದೆ.

ಶುಲ್ಕ ತಿಂಗಳಿಗೆ 600 ರೂಪಾಯಿ, ಒಂದು ತಂಡದಲ್ಲಿ ಎಂಟೇ ಮಕ್ಕಳು. ಮಳೆಗಾಲದಲ್ಲಿ ತಪ್ಪಿದ ಪಾಠಗಳನ್ನು ಭಾನುವಾರ ತುಂಬಿಕೊಟ್ಟರು.

ಒಂದು ಕೊರತೆಯನ್ನು ಹೇಳಲೇಬೇಕು. ಬಾಯಲ್ಲಿ ಇಷ್ಟು ಶುದ್ಧವಾಗಿ ನಡೆಯುವ ಲೆಕ್ಕ ಪುಸ್ತಕದಲ್ಲಿ 14 × 65 = 910 × 3 = 2,730 ಎಂದು ಒಂದೇ ಸಾಲಿನಲ್ಲಿ ಹರಿದುಹೋಗುತ್ತದೆ, ಅದಕ್ಕೆ ಸರಿ ಗುರುತೂ ಬೀಳುತ್ತದೆ. ಸಮ ಚಿಹ್ನೆಯ ಎರಡೂ ಬದಿ ಸಮವಾಗಿರಬೇಕು. 14 × 65 ಎಂಬುದು 2,730ಕ್ಕೆ ಸಮವಲ್ಲ. ಮುಂದೆ ಬೀಜಗಣಿತ ಕಲಿಯುವಾಗ ಈ ರೂಢಿ ತೊಡಕಾಗುತ್ತದೆ ಎಂಬ ಕಳವಳವನ್ನು ಶಿಕ್ಷಕಿಯವರಲ್ಲಿ ಹೇಳಿಕೊಂಡಾಗ ಅವರು ಬೇಸರಿಸಿಕೊಳ್ಳಲಿಲ್ಲ. ಕಳೆದ ವಾರದಿಂದ ಹಂತಕ್ಕೊಂದು ಸಾಲು ಬರೆಸುತ್ತಿದ್ದಾರೆ.