ಡೌನ್‌ಹಿಲ್ ಬೈಕಿನ ತೂಕ ಇಳಿಸಿದ್ದು: ಎರಡು ಸೀಸನ್ ಆದಮೇಲೆ ಉಳಿದದ್ದೇನು, ಕಳಚಿದ್ದೇನು

200 ಮಿ.ಮೀ. ಟ್ರಾವೆಲ್ (ಸಸ್ಪೆನ್ಷನ್‌ನಿಂದ ಚಕ್ರ ಮೇಲೆ-ಕೆಳಗೆ ಆಡುವ ದೂರ), 29 ಇಂಚಿನ ಚಕ್ರ, ಅಲ್ಯೂಮಿನಿಯಂ ಫ್ರೇಮ್, ಕಾಯಿಲ್ ಶಾಕ್ (ಸುರುಳಿ ಸ್ಪ್ರಿಂಗಿನ ಶಾಕ್). ಬೆಟ್ಟದ ಇಳಿಜಾರಿನಲ್ಲಿ ರೇಸ್ ಓಡಿಸುವ ಇಂಥ ಡೌನ್‌ಹಿಲ್ ಸೈಕಲ್ಲು ಪೆಡಲ್ ಸೇರಿ 17 ಕೆ.ಜಿ. ಆಸುಪಾಸು ತೂಗುತ್ತದೆ. ಅದಕ್ಕೆ ಮಾಡಿದ ಬದಲಾವಣೆಗಳಲ್ಲಿ ಎರಡು ಸೀಸನ್ ತಾಳಿದ್ದು ಯಾವುದು, ಕೈಕೊಟ್ಟದ್ದು ಯಾವುದು ಅನ್ನುವ ಲೆಕ್ಕ ಇದು. ಸ್ಟಾರ್ಟ್ ಗೇಟಿನಿಂದ ಬೈಕು ಚಿಮ್ಮಬೇಕು ಅನ್ನುವುದೇ ಆಸೆಯಾದರೆ ದುಡ್ಡು ಮೊದಲು ಗೇರಿಗೆ ಹೋಗಲಿ, ಆಮೇಲೆ ಚಕ್ರಕ್ಕೆ. ಮಿಕ್ಕದ್ದಕ್ಕೆ ಅವಸರವಿಲ್ಲ.

ಟೈರು, ಟ್ಯೂಬು, ರಿಮ್ ಮುಂದಕ್ಕೂ ಸಾಗಬೇಕು, ತಿರುಗಲೂಬೇಕು. ಹಾಗಾಗಿ ವೇಗ ಏರಿಸುವಾಗ ಅಲ್ಲಿನ 500 ಗ್ರಾಂ, ಫ್ರೇಮಿನ ಸುಮಾರು 1 ಕೆ.ಜಿ.ಗೆ ಸಮ. ಕೇಳಲು ಭರ್ಜರಿಯಾಗಿದೆ. ಆದರೆ ಸವಾರ, ಹೆಲ್ಮೆಟ್ಟು, ಬೈಕು ಎಲ್ಲ ಸೇರಿ 95 ಕೆ.ಜಿ. ಇದ್ದರೆ ಆ 1 ಕೆ.ಜಿ. ಶೇ. 1ರಷ್ಟು ಮಾತ್ರ. ಅದೇ ಪೆಡಲ್ ಬಳಿಯ 36 ಹಲ್ಲಿನ ಚೈನ್‌ರಿಂಗ್ (ಮುಂದಿನ ಹಲ್ಲುಚಕ್ರ) ತೆಗೆದು 34 ಹಾಕಿದರೆ, ಹಿಂದೆ ಅದೇ ಹಲ್ಲಿನಲ್ಲಿದ್ದಾಗ ಚಕ್ರಕ್ಕೆ ಸಿಗುವ ಎಳೆತ ಶೇ. 6ರ ಹತ್ತಿರ ಹೆಚ್ಚುತ್ತದೆ. ಟಾಪ್ ಸ್ಪೀಡ್ ಹೋಗುತ್ತಲ್ಲ ಅನ್ನಬಹುದು. 34/11ರಲ್ಲಿ (ಮುಂದೆ 34 ಹಲ್ಲು, ಹಿಂದೆ 11) ನಿಮಿಷಕ್ಕೆ 110 ಸುತ್ತು ತುಳಿದರೆ ಗಂಟೆಗೆ 47 ಕಿ.ಮೀ. ದಾಟುತ್ತದೆ, 36/11ರಲ್ಲಿ 50. ಆ ವೇಗದಲ್ಲಿ ಇಳಿಜಾರಿನಲ್ಲಿ ತುಳಿಯುವವರು ಕಡಿಮೆ. ಮೈ ಬಗ್ಗಿಸಿ ಕೂತರೆ ಅದಕ್ಕಿಂತ ಲಾಭ.

ಹಿಂದಿನ ಸಣ್ಣ ಗೇರು ಬದಲಿಸಿಯೂ ಅದೇ ಎಳೆತ ಪಡೆಯಬಹುದು, ನಿಜ. ತೊಂದರೆ ಇರುವುದು ಹಲ್ಲುಗಳ ನಡುವಿನ ಅಂತರದಲ್ಲಿ. 11-42 ಕ್ಯಾಸೆಟ್‌ನಲ್ಲಿ (11ರಿಂದ 42 ಹಲ್ಲಿನವರೆಗಿನ ಹಿಂದಿನ ಗೇರುಗಳ ಗೊಂಚಲು) 15ರಿಂದ ನೇರ 13ಕ್ಕೆ ಹಾರಬೇಕು. ನಿಮಿಷಕ್ಕೆ 100 ಸುತ್ತು ಇದ್ದದ್ದು 87ಕ್ಕೆ ಕುಸಿದು ಕಾಲು ಭಾರವಾಗುತ್ತದೆ. 10 ಸ್ಪೀಡ್ ಬೈಕಿಗೆ 11-25ರ ರೋಡ್ ಕ್ಯಾಸೆಟ್ ಹಾಕಿದರೆ 15, 14, 13 ಎಂದು ಒಂದೊಂದೇ ಹಲ್ಲು ಇಳಿಯಬಹುದು. ಕಾಲು ಗಂಟೆಯ ಕೆಲಸ, ಜೊತೆಗೆ 200 ಗ್ರಾಂಗೂ ಹೆಚ್ಚು ಉಳಿತಾಯ. ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಡಿರೇಲರ್ ಮಾತ್ರ ಶಾರ್ಟ್ ಕೇಜ್ (ಗಿಡ್ಡ ತೋಳಿನದು) ಇರಲಿ. ದೊಡ್ಡ ಹಲ್ಲಿಗೆಂದೇ ಮಾಡಿದ ಡಿರೇಲರ್ ಸಣ್ಣ ಕ್ಯಾಸೆಟ್‌ನಿಂದ ದೂರ ನೇತಾಡಿ, ಗೇರು ಬೀಳುವುದು ತಡವಾಗುತ್ತದೆ. ಆ ಅಂತರ ಹೊಂದಿಸುವ ಬಿ-ಸ್ಕ್ರೂ ಸಡಿಲಿಸಿದರೂ ಪೂರ್ತಿ ಸರಿಹೋಗುವುದಿಲ್ಲ.

ಹಲ್ಲು ಕಡಿಮೆಯಾದರೆ ಚೈನನ್ನೂ ಗಿಡ್ಡ ಮಾಡಬೇಕು; ಅದನ್ನು ಕತ್ತರಿಸುವಾಗ ಬಹಳ ಜನ ಎಡವುವುದು ಅಳತೆಯಲ್ಲೇ. ಸ್ಟ್ಯಾಂಡಿನಲ್ಲಿ ನಿಂತ ಬೈಕಿನ ಮೇಲೆ ಅಳೆಯಬೇಡಿ. ಶಾಕಿನ ಸ್ಪ್ರಿಂಗ್ ಕಳಚಿ, ಹಿಂಚಕ್ರವನ್ನು ಕೊನೆಯವರೆಗೆ ಮೇಲೆತ್ತಿ, ಚೈನ್ ಅತಿ ದೊಡ್ಡ ಹಲ್ಲಿನ ಮೇಲಿರುವಾಗ ಅಳೆದು, ಒಂದು ಜೊತೆ ಕೊಂಡಿ ಹೆಚ್ಚೇ ಬಿಡಿ. ಸಸ್ಪೆನ್ಷನ್ ಒಳಗೆ ಹೋದಂತೆ ಹಿಂದಿನ ಆಕ್ಸಲ್ ಕ್ರ್ಯಾಂಕಿನಿಂದ ದೂರ ಸರಿಯುತ್ತದೆ. ಚೈನ್ ಗಿಡ್ಡವಾದರೆ ಮೊದಲ ದೊಡ್ಡ ಜಂಪಿನಲ್ಲೇ ಡಿರೇಲರ್ ತೂಗುವ ಹ್ಯಾಂಗರ್ ಮುರಿಯುತ್ತದೆ. ಚೈನ್‌ರಿಂಗ್ ಸಣ್ಣದಾದಾಗ ಚೈನ್ ಜಾರದಂತೆ ಹಿಡಿಯುವ ಚೈನ್ ಗೈಡನ್ನೂ ಕೆಳಗಿಳಿಸಬೇಕು, ಇಲ್ಲದಿದ್ದರೆ ಮೇಲಿನ ಹಿಡಿತ ಸುಮ್ಮನೆ ಅಲಂಕಾರ.

ಟ್ಯೂಬ್‌ಲೆಸ್. ದಪ್ಪ ಡೌನ್‌ಹಿಲ್ ಟ್ಯೂಬು ಒಂದೊಂದೂ 400 ಗ್ರಾಂ ಸುತ್ತಮುತ್ತ. ಅದರ ಜಾಗಕ್ಕೆ 120 ಮಿ.ಲೀ. ಸೀಲೆಂಟ್ (ತೂತು ಮುಚ್ಚುವ ದ್ರವ), ಟೇಪು, ವಾಲ್ವ್. ಎರಡೂ ಚಕ್ರ ಸೇರಿ ಅರ್ಧ ಕೆ.ಜಿ. ಹೋಗುತ್ತದೆ. ತೂಕದಲ್ಲಿ ಇಷ್ಟು ಅಗ್ಗದ ಲಾಭ ಬೇರೆಲ್ಲೂ ಇಲ್ಲ. ಟೇಪು ರಿಮ್ಮಿನ ಒಳ ಅಗಲಕ್ಕಿಂತ 2-3 ಮಿ.ಮೀ. ಹೆಚ್ಚಿರಲಿ. ಹಚ್ಚುವ ಮೊದಲು ರಿಮ್ಮನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಹಚ್ಚುವಾಗ ಬಿಗಿಯಾಗಿ ಎಳೆಯುತ್ತ ಹೋಗಿ. ನಿಧಾನವಾಗಿ ಗಾಳಿ ಇಳಿಯುವ ಚಕ್ರಗಳಲ್ಲಿ ಸಾಮಾನ್ಯವಾಗಿ ತಪ್ಪು ಟೇಪಿನದು, ಬೈಗುಳ ಮಾತ್ರ ಟೈರಿಗೆ. ಸೀಲೆಂಟ್ ಎರಡು-ಮೂರು ತಿಂಗಳಿಗೆ ಒಣಗಿ ರಬ್ಬರ್ ಉಂಡೆಯಾಗುತ್ತದೆ. ಅಲುಗಾಡಿಸಿದಾಗ ಚಳಚಳ ಸದ್ದು ಬರದಿದ್ದರೆ ಮತ್ತೆ ಹಾಕುವ ಹೊತ್ತಾಯಿತು ಎಂದೇ ಅರ್ಥ.

ಟೈರಿನ ವಿಷಯಕ್ಕೆ ಬಂದರೆ, ಮುಂದೆ ಎಂಡ್ಯೂರೊ ಕೇಸಿಂಗ್ (ಡೌನ್‌ಹಿಲ್ ಟೈರಿಗಿಂತ ತೆಳು ಮೈಯ ಟೈರು) ಹಾಕಿ 150-200 ಗ್ರಾಂ ಉಳಿಸಿದ್ದು ಎರಡು ಸೀಸನ್ ನಿಂತಿತು. ಹಿಂದೆ ಅದೇ ಪ್ರಯೋಗ ಕೆಟ್ಟಿತು. ತೆಳು ಕೇಸಿಂಗ್ ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಸೀಳುತ್ತದೆ; ಅದನ್ನು ತಪ್ಪಿಸಲು 26 ಪಿಎಸ್‌ಐ ಇದ್ದ ಗಾಳಿಯ ಒತ್ತಡವನ್ನು 31ಕ್ಕೆ ಏರಿಸಿದರೆ ಮರದ ಬೇರಿನ ಮೇಲೆ ಚಕ್ರ ಪುಟಿದು ಹಿಡಿತ ಹೋಗುತ್ತದೆ, ಬ್ರೇಕು ಬೇಗ ಹಿಡಿಯಬೇಕಾಗುತ್ತದೆ. ಒಳಗೆ ಫೋಮ್ ಇನ್ಸರ್ಟ್ ಹಾಕಿದರೆ ಉಳಿಸಿದ ಗ್ರಾಂ ಎಲ್ಲ ವಾಪಸ್. ಹಿಂದೆ ಡೌನ್‌ಹಿಲ್ ಕೇಸಿಂಗೇ ಇರಲಿ.

ಸ್ಪ್ರಿಂಗಿನ ಬದಲು ಗಾಳಿ ತುಂಬಿದ ಏರ್ ಶಾಕ್ ಸುಮಾರು 400 ಗ್ರಾಂ ಇಳಿಸಿತು, ತುಳಿದಾಗ ಬೈಕು ಕುಗ್ಗುವುದೂ ಕಡಿಮೆಯಾಯಿತು. ಆದರೆ ಉದ್ದದ ಇಳಿಜಾರಿನಲ್ಲಿ ಶಾಕ್ ಕೈಗೆ ಸುಡುವಷ್ಟು ಕಾಯುತ್ತದೆ, ಒಳಗಿನ ಒತ್ತಡ ಏರುತ್ತದೆ, ಮೇಲ್ಭಾಗದಲ್ಲಿ ಹಾಕಿದ ಸ್ಯಾಗ್ (ಸವಾರ ಕೂತಾಗ ಶಾಕ್ ಕುಗ್ಗುವ ಪ್ರಮಾಣ) ಕೆಳಗೆ ಬರುವಷ್ಟರಲ್ಲಿ ಬೇರೆಯೇ ಆಗಿರುತ್ತದೆ. ಏರ್ ಕ್ಯಾನ್ (ಶಾಕಿನ ಗಾಳಿಯ ಕೋಶ) ಸರ್ವಿಸ್ 50 ಗಂಟೆ ಸವಾರಿಗೊಮ್ಮೆ. ಕೊನೆಗೆ ಉಳಿದದ್ದು ಕಾಯಿಲ್ ಶಾಕು, ಅದರ ಮೇಲೆ ಹಗುರ ಉಕ್ಕಿನ ಸ್ಪ್ರಿಂಗ್. ಕೊಳ್ಳುವಾಗ ಎರಡು ಅಳತೆ ನೋಡಿ: ಒಳವ್ಯಾಸ ಸ್ಪ್ರಿಂಗ್ ಕೂರುವ ಕಾಲರಿಗೆ ಹೊಂದಬೇಕು, ಶಾಕ್ ಸ್ಟ್ರೋಕ್ (ಶಾಕ್ ಒಳಗೆ ಹೋಗುವ ದೂರ) 75 ಮಿ.ಮೀ. ಇದ್ದರೆ ಸ್ಪ್ರಿಂಗ್ ಕುಗ್ಗುವ ಅವಕಾಶವೂ ಅಷ್ಟಾದರೂ ಇರಬೇಕು. ಇಲ್ಲದಿದ್ದರೆ ಸುರುಳಿಗಳು ಒಂದಕ್ಕೊಂದು ಬಡಿದು ಶಾಫ್ಟ್ ಬಾಗುತ್ತದೆ.

ಹಿಂಚಕ್ರದ ಹಬ್‌ನಲ್ಲಿ (ನಡುಗುಂಬದಲ್ಲಿ), ಪೆಡಲ್ ತುಳಿದಾಗ ಚಕ್ರವನ್ನು ಕಚ್ಚುವ 18 ಹಲ್ಲಿನ ರ‍್ಯಾಚೆಟ್ ಇದ್ದರೆ ಹಿಡಿಯುವ ಮುನ್ನ ಚಕ್ರದಲ್ಲಿ 20 ಡಿಗ್ರಿವರೆಗೆ ಸಡಿಲ. 34/17ರಲ್ಲಿ ಅದು ಕ್ರ್ಯಾಂಕಿನಲ್ಲಿ 10 ಡಿಗ್ರಿ. 54 ಹಲ್ಲಿಗೆ ಹೋದರೆ ಪೆಡಲ್ ತಕ್ಷಣ ಕಚ್ಚುತ್ತದೆ, ಆದರೆ ಕಲ್ಲಿನ ಹಾಸಿನಲ್ಲಿ ಚೈನ್ ಎಳೆದು ಪಾದಕ್ಕೆ ಒದೆ ಬೀಳುತ್ತದೆ. 36 ಹಲ್ಲಿಗೆ ನಿಲ್ಲಿಸುವುದು ಮೇಲು.

ಟೈಟಾನಿಯಂ ಬೋಲ್ಟು ಪೂರ್ತಿ ಸೆಟ್ ಹಾಕಿದರೂ ಕೆಲವು ಹತ್ತು ಗ್ರಾಂ, ಮೂಗಿಗಿಂತ ಮೂಗುತಿ ಭಾರ. ಬ್ರೇಕ್ ರೋಟರ್ (ಬ್ರೇಕ್ ಡಿಸ್ಕ್) 203 ಮಿ.ಮೀ.ನಿಂದ 180ಕ್ಕೆ ಇಳಿಸುವ ಯೋಚನೆ ಬಂದರೆ ಅಲ್ಲೇ ಬಿಡಿ: ಬ್ರೇಕನ್ನು ತಡವಾಗಿ ಹಿಡಿಯಲು ಆಗದ ಬೈಕು ಎಷ್ಟು ಹಗುರವಿದ್ದರೂ ನಿಧಾನವೇ.