ಯೀಸ್ಟ್ ಪ್ರಾಜೆಕ್ಟಿಗೆ ಫಾಸ್ಫೊರಿಲೇಶನ್ನಾ, ಯುಬಿಕ್ವಿಟಿನ್ನಾ?

ಬದಿಯಡ್ಕ, ಮಂಜೇಶ್ವರ ಕಡೆಯಿಂದ ಪೆರಿಯ ಕ್ಯಾಂಪಸ್ಸಿಗೆ (ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ) ಎಂಎಸ್ಸಿಗೆ ಹೋಗುವವರಿಗೆ ಇದು: ಸೆಲ್ಲು ಪ್ರೋಟೀನಿಗೆ ಅಂಟಿಸುವ ಈ ಎರಡು ಗುರುತುಗಳಲ್ಲಿ ಪ್ರಾಜೆಕ್ಟಿಗೆ ಯಾವುದು ಒಳ್ಳೇದು ಅಂತ. ಯೀಸ್ಟ್ ಅಂದ್ರೆ ಸ್ಯಾಕರೋಮೈಸಿಸ್ ಸೆರೆವಿಸಿಯೇ, ನಮ್ಮಲ್ಲಿ ಅಪ್ಪದ ಹಿಟ್ಟಿಗೆ ಹಾಕುವ ಕಳ್ಳಿನಲ್ಲೂ ಉಂಟು ಅದು.

ಫಾಸ್ಫೊರಿಲೇಶನ್ ಬೇಗ ಆಗ್ತದೆ, ಬೇಗ ಹೋಗ್ತದೆ. ಕೈನೇಸ್ ಅನ್ನುವ ಎನ್ಜೈಮ್ ಎಟಿಪಿಯಿಂದ (ಸೆಲ್ಲಿಗೆ ಶಕ್ತಿ ಕೊಡುವ ಅಣು) ಫಾಸ್ಫೇಟ್ ತೆಗೆದು ಪ್ರೋಟೀನಿಗೆ ಅಂಟಿಸ್ತದೆ, ಫಾಸ್ಫಟೇಸ್ ಅನ್ನುವ ಎನ್ಜೈಮ್ ಬಂದು ಕೀಳ್ತದೆ. ಯೀಸ್ಟ್ ಬೆಳೆಸುವ ಮೀಡಿಯಾಕ್ಕೆ ಉಪ್ಪು ಜಾಸ್ತಿ ಹಾಕಿ ನೋಡಿ, ಹಾಗ್1 ಅನ್ನುವ ಕೈನೇಸಿಗೆ ನಿಮಿಷಗಳಲ್ಲೇ ಫಾಸ್ಫೇಟ್ ಬಿದ್ದು ಅದು ನ್ಯೂಕ್ಲಿಯಸ್ಸಿಗೆ ಹೋಗಿ ಗ್ಲಿಸರಾಲ್ ಮಾಡುವ ಜೀನುಗಳನ್ನ ಆನ್ ಮಾಡ್ತದೆ. ಇದನ್ನೇ ಹೋಲುವ ಮನುಷ್ಯರ ಕೈನೇಸ್ ಪಿ38ರ ಫಾಸ್ಫೊ ಆಂಟಿಬಾಡಿಯೇ (ಫಾಸ್ಫೇಟ್ ಬಿದ್ದ ರೂಪವನ್ನು ಹಿಡಿಯುವಂಥದ್ದು) ಇದಕ್ಕೂ ಹಿಡೀತದೆ, ಹಾಗಾಗಿ ವೆಸ್ಟರ್ನ್ ಬ್ಲಾಟ್ (ಆಂಟಿಬಾಡಿಯಿಂದ ಪ್ರೋಟೀನು ಗುರುತಿಸುವ ವಿಧಾನ) ತಲೆನೋವಿಲ್ಲ. ಫಾಸ್ಫೇಟ್ ಕಿತ್ತು ಹೋಗದ ಹಾಗೆ ಫಾಸ್ಫಟೇಸ್ ಇನ್‌ಹಿಬಿಟರ್ ಹಾಕೋದು ಮಾತ್ರ ಮರೀಬೇಡಿ.

ಯುಬಿಕ್ವಿಟಿನ್ ಹಾಗಲ್ಲ ಮಾರಾಯ್ರೇ, ಅದೇ 76 ಅಮೈನೊ ಆಸಿಡಿನ ಪ್ರೋಟೀನು, ಇ1, ಇ2, ಇ3 ಮೂರು ಎನ್ಜೈಮ್ ದಾಟಿ ಪ್ರೋಟೀನಿನ ಲೈಸಿನ್ ಅನ್ನುವ ಅಮೈನೊ ಆಸಿಡಿಗೆ ಸೇರ್ತದೆ, ಕೆ48 ಸರಪಳಿ (ಯುಬಿಕ್ವಿಟಿನ್ನಿನ 48ನೇ ಲೈಸಿನ್ನಿಗೆ ಇನ್ನೊಂದು ಯುಬಿಕ್ವಿಟಿನ್ ಕೊಂಡಿ) ಆದ್ರೆ ಪ್ರೋಟೀನು ಸಾಮಾನ್ಯವಾಗಿ ಸೆಲ್ಲಿನ ಪುಡಿ ಮಾಡುವ ಯಂತ್ರ ಪ್ರೋಟಿಯಾಸೋಮಿಗೆ ಹೋಗಿ ಪುಡಿ. 2004ರ ಕೆಮಿಸ್ಟ್ರಿ ನೊಬೆಲ್ ಇದಕ್ಕೇ. ಆದ್ರೆ ಪ್ರೋಟಿಯಾಸೋಮ್ ನಿಲ್ಲಿಸುವ ಮದ್ದು ಎಂಜಿ132 ಮಾಮೂಲಿ ಯೀಸ್ಟಿನಲ್ಲಿ ಸರಿ ಕೆಲಸ ಮಾಡೋದಿಲ್ಲ, ಯೀಸ್ಟ್ ಅದನ್ನ ಪಂಪ್ ಮಾಡಿ ಹೊರಗೆ ಹಾಕ್ತದೆ, ಆ ಪಂಪಿನ ಜೀನು ಪಿಡಿಆರ್5 ತೆಗೆದ ಸ್ಟ್ರೇನ್ ಇದ್ರೆ ಒಳ್ಳೇದು.

ಒಂದೇ ಸೆಮಿಸ್ಟರ್ ಇದ್ರೆ ನನ್ನ ವೋಟು ಹಾಗ್1ಗೆ. ಪಿಎಚ್‌ಡಿ ಯೋಚನೆ ಇದ್ರೆ ಸಿಕ್1 ಅನ್ನುವ ಪ್ರೋಟೀನು ನೋಡಿ: ಅದಕ್ಕೆ ಸುಮಾರು ಕಡೆ ಫಾಸ್ಫೇಟ್ ಬಿದ್ದ ಮೇಲೆಯೇ ಎಸ್‌ಸಿಎಫ್ ಅನ್ನುವ ಇ3 ಯುಬಿಕ್ವಿಟಿನ್ ಹಾಕೋದು, ಸಿಕ್1 ಹೋದ ಮೇಲೆಯೇ ಸೆಲ್ಲು ಡಿಎನ್ಎ ಕಾಪಿ ಶುರು ಮಾಡೋದು, ಎರಡೂ ಒಟ್ಟಿಗೆ ಸಿಗ್ತದೆ.