ಶಿವಗಣಾರಾಧನೆ ಕಾರ್ಡಿಗೆ ಮ್ಯಾಟರ್ ಬರೆದುಕೊಡುವ ಮಂಡಿಪೇಟೆಯ ಪ್ರೆಸ್ಸು

ದಾವಣಗೆರೆಯ ಮಂಡಿಪೇಟೆ ಆಸುಪಾಸಿನಲ್ಲಿ ಶಿವಗಣಾರಾಧನೆಗೆ, ಅಂದರೆ ತೀರಿಕೊಂಡವರ ಹೆಸರಿನ ಕಾರ್ಯಕ್ಕೆ, ಕಾರ್ಡು ಹೊಡೆಯುವ ಪ್ರೆಸ್ಸುಗಳಿಗೆ ಬರವಿಲ್ಲ. ಸಾಮಾನ್ಯವಾಗಿ ಫೋಟೊ, ತಾರೀಕು ಇಸಕೊಂಡು, ಹಳೇ ಮ್ಯಾಟರಿನಲ್ಲೇ ಹೆಸರು ಬದಲಿಸಿ ಕೊಡುತ್ತಾರೆ. ಈ ಪ್ರೆಸ್ಸಿನಲ್ಲಿ ಡಿಟಿಪಿಗೆ ಕೂತವರು ಮೊದಲು ಎರಡು ಪ್ರಶ್ನೆ ಕೇಳುತ್ತಾರೆ: "ಮನೇಲಿ ಅವರನ್ನ ಏನಂತ ಕರೀತಿದ್ರಿ? ಬೆಳಗ್ಗೆ ಎದ್ದು ಮೊದಲು ಏನ್ ಮಾಡೋರು?"

ಈ ಪ್ರಶ್ನೆಗಳಿಗಾಗಿಯೇ ಇಲ್ಲಿಗೆ ಹೋಗಬೇಕು. ದುಃಖದಲ್ಲಿರುವವರಿಗೆ ನಾಲ್ಕು ಸಾಲು ಬರೆದುಕೊಡಿ ಎಂದರೆ ಕೈ ಓಡುವುದಿಲ್ಲ. ಓಡಿದರೂ "ತುಂಬಲಾರದ ನಷ್ಟ", "ಮಮತೆಯ ಮೂರ್ತಿ" ಎಂದೇ ಬರುತ್ತದೆ. ಸುಳ್ಳಲ್ಲ, ಆದರೆ ಯಾರ ಕಾರ್ಡಿಗಾದರೂ ಹೊಂದುವ ಮಾತು. ನಮ್ಮ ಕಡೆ ಹಾಡಿಕೊಂಡು ಅಳುವ ಹೆಂಗಸರು ದುಃಖ ಎಂಬ ಪದವನ್ನೇ ಎತ್ತುವುದಿಲ್ಲ. ಹಟ್ಟಿಯ ಎಮ್ಮೆ, ಅರ್ಧ ಹೊಲಿದ ಕೌದಿ, ನೀರು ಹಾಯಿಸದೆ ಬಿಟ್ಟ ಗದ್ದೆ, ಇವನ್ನೇ ಒಂದೊಂದಾಗಿ ಹೆಸರಿಸುತ್ತಾರೆ. ಪ್ರೆಸ್ಸಿನವರು ಹಿಡಿದಿರುವುದೂ ಇದೇ ದಾರಿ. ಸ್ಯಾಂಪಲ್ ಕಾರ್ಡೊಂದರಲ್ಲಿ ಫೋಟೊ ಕೆಳಗೆ ಇಷ್ಟೇ ಇದೆ: "ಕಾಟನ್ ಮಿಲ್ಲು ಮುಚ್ಚಿದ ಮೇಲೂ ಸೈರನ್ ಹೊತ್ತಿಗೇ ಏಳುತ್ತಿದ್ದ ಅಪ್ಪಾಜಿ." ಅದಕ್ಕೆ "ಕಾಯಕಯೋಗಿ" ಎಂದು ಸೇರಿಸಿದ್ದರೆ ಸಾಲು ಸಪ್ಪೆಯಾಗುತ್ತಿತ್ತು.

ಮ್ಯಾಟರ್ ಸಿದ್ಧವಾದಾಗ ಮನೆಯವರೊಬ್ಬರು ಗಟ್ಟಿಯಾಗಿ ಓದಲಿ. ದನಿ ಕಟ್ಟುವ ಸಾಲು ಉಳಿಯಲಿ, ಗಡಗಡನೆ ಸಾಗುವ ಸಾಲಿಗೆ ಕತ್ತರಿ ಹಾಕಿ. ಜಾಗ ಸಾಲದಿದ್ದರೆ ಬಂಧುಗಳ ಹೆಸರಿನ ಪಟ್ಟಿ ಕಡಿಮೆ ಮಾಡಿ, ಅಕ್ಷರ ಸಣ್ಣದು ಮಾಡಿಸಬೇಡಿ. ಓದಬೇಕಾದವರಲ್ಲಿ ವಯಸ್ಸಾದವರೇ ಹೆಚ್ಚು.

ತೊಂದರೆ ಇರುವುದು ಪ್ರೂಫಿನಲ್ಲಿ. ಮೊಬೈಲಿನಲ್ಲಿ ಕಳಿಸುವ ಮ್ಯಾಟರ್ ಯೂನಿಕೋಡ್, ಅವರ ಪುಟ ಕಟ್ಟುವುದು ಹಳೇ ನುಡಿ ಫಾಂಟಿನಲ್ಲಿ. ಪರಿವರ್ತನೆಯಾಗುವಾಗ ಅರ್ಕಾವತ್ತು, ಒತ್ತಕ್ಷರ ಜಾಗ ತಪ್ಪುತ್ತವೆ. ಪಾರ್ವತಮ್ಮ, ಮಲ್ಲಿಕಾರ್ಜುನ ಥರದ ಹೆಸರುಗಳನ್ನು ಅಕ್ಷರಕ್ಕೆ ಅಕ್ಷರ ನೋಡಿ. ಇವರು ಪ್ರೂಫನ್ನು ವಾಟ್ಸಾಪಿಗೆ ಹಾಕಿ ಕೈತೊಳೆದುಕೊಳ್ಳುತ್ತಾರೆ. ಅದು ಸಾಲದು, ಕಾಗದದ ಮೇಲೆ ಪ್ರಿಂಟ್ ತೆಗೆಸಿಯೇ ಓದಿ. ಫೋಟೊವನ್ನು ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಕುಗ್ಗಿ ಮುಖ ಮಬ್ಬಾಗುತ್ತದೆ. 5×7 ಇಂಚಿನ ಕಾರ್ಡಿನ ತುಂಬ ಫೋಟೊ ಬೇಕಿದ್ದರೆ 1500×2100 ಪಿಕ್ಸೆಲ್ ಇರಬೇಕು.

ನೂರಿನ್ನೂರು ಕಾರ್ಡಾದರೆ ಡಿಜಿಟಲ್ ಪ್ರಿಂಟೇ ಸಾಕು. ಮಡಿಸುವ ಕಾರ್ಡಾದರೆ ಮಡಿಕೆಯಲ್ಲಿ ಬಣ್ಣ ಬಿರಿಯುತ್ತದೆ, ಕ್ರೀಸಿಂಗ್ (ಮಡಿಸುವ ಕಡೆ ಮೊದಲೇ ಗೆರೆ ಒತ್ತಿಸುವುದು) ಮಾಡಿಸಿ, ಅಥವಾ 300 ಜಿಎಸ್‌ಎಂ ತೂಕದ ದಪ್ಪ ಕಾಗದದ ಒಂಟಿ ಕಾರ್ಡೇ ತಗೊಳ್ಳಿ. ಹನ್ನೊಂದನೇ ದಿನದ ಕಾರ್ಯಕ್ಕೆ ಐದನೇ ದಿನದೊಳಗೆ ಮ್ಯಾಟರ್ ಕೊಟ್ಟರೆ, ಊರೂರಿಗೆ ಹಂಚಲು ಸಮಯ ಸಿಗುತ್ತದೆ.